ಅಮ್ಮ ಸಾಲಿನಲ್ಲಿ ನಿಂತದ್ದು

"ಏಯ್, ಸರ್ಕಾರಕ್ಕೆ ಬಾಲ್ ಕೊಡಬೇಡ್ರೋ!"

ಉದ್ದಕಾಲು ಅಂತ ಎಲ್ಲರೂ ಕರೆಯುವ ಹುಡುಗ ಹಾಗೆ ಕೂಗಿದ್ದೇ ತಡ, ಗುಬ್ಬಿಯ ಕಡೆ ಉರುಳಿ ಬರುತ್ತಿದ್ದ ಚೆಂಡನ್ನು ಇನ್ನೊಬ್ಬ ಹುಡುಗ ತಡೆದು ಆಚೆ ಒದ್ದ.

"ಯಾಕೆ? ನಾನೂ ಟೀಮಲ್ಲಿದೀನಿ ತಾನೇ?" ಗುಬ್ಬಿ ಸೊಂಟದ ಮೇಲೆ ಕೈಯಿಟ್ಟಳು.

"ಇದ್ದೆ. ಈಗಿಲ್ಲ. ಮೊದಲು ಕಲ್ಲು ಹಾಕ್ಸು, ಆಮೇಲೆ ಆಟ. ಅಲ್ವೇನೋ ಗುಂಡ?"

ಗುಂಡ ಅವರಪ್ಪನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಎಡಗೈಗೆ ಪ್ಲಾಸ್ಟರ್. ಹೊರಗೆ ಕಾಣುತ್ತಿದ್ದದ್ದು ಬೆರಳ ತುದಿ ಮಾತ್ರ.

"ಪ್ರಾಮಿಸ್ ಮಾಡಿದ್ದಳು," ಎಂದ ಅವನು, ನೆಲ ನೋಡುತ್ತಾ. ಬೈದಿದ್ದರೆ ಗುಬ್ಬಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಬೀದಿಯ ತಿರುವಿನಲ್ಲಿ ಚರಂಡಿ ಮುಚ್ಚುವ ಚಪ್ಪಡಿ ಕಲ್ಲೊಂದು ಮುರಿದು ಒಳಗೆ ಬಿದ್ದು ತಿಂಗಳುಗಳೇ ಆಗಿದ್ದವು. ಮೊದಲು ಯಾರೋ ಅಲ್ಲೊಂದು ಮರದ ಕೊಂಬೆ ಸಿಕ್ಕಿಸಿದರು. ಕೊಂಬೆ ಒಣಗಿದ ಮೇಲೆ ಇನ್ಯಾರೋ ಹಳೇ ಟೈರು ತಂದಿಟ್ಟರು. ಟೈರಿನ ಮೇಲೆ ಒಡೆದ ಬಕೆಟ್ಟು. ಬಕೆಟ್ಟಿಗೆ ಟೈಲರ್ ಮಾಮ ಕಟ್ಟಿದ ಕೆಂಪು ಬಟ್ಟೆ. ಬಟ್ಟೆ ಬಣ್ಣ ಹೋದಾಗಲೆಲ್ಲ ಮಾಮ ಹೊಸ ತುಂಡು ಕಟ್ಟುತ್ತಿದ್ದರು. ಬೀದಿಯವರಿಗೆಲ್ಲ ಅದನ್ನು ಸುತ್ತು ಹಾಕುವುದು ಎಷ್ಟು ರೂಢಿಯಾಗಿತ್ತೆಂದರೆ, ಫೋನ್ ನೋಡಿಕೊಂಡು ಬರುವವರ ಕಾಲು ಕೂಡ ಅಲ್ಲಿ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ಚೆಂಡಿಗೆ ಮಾತ್ರ ಸುತ್ತು ಹಾಕಲು ಗೊತ್ತಿರಲಿಲ್ಲ. ಚೆಂಡಿನ ಹಿಂದೆ ಓಡಿದ ಗುಂಡನಿಗೂ.

ಅವನು ಬೀಳುವುದಕ್ಕೆ ಮುಂಚೆಯೇ ಗುಬ್ಬಿ ಜಂಬ ಕೊಚ್ಚಿಕೊಂಡಿದ್ದಳು. "ನಮ್ಮಮ್ಮಂಗೆ ಹೇಳ್ತೀನಿ. ಒಂದೇ ವಾರ. ಹೊಸ ಕಲ್ಲು ಬರುತ್ತೆ ನೋಡ್ತಿರಿ." ಅವಳ ಅಮ್ಮ ನಗರಸಭೆ ಆಫೀಸಿನಲ್ಲಿ ಜನರ ಕಂಪ್ಲೇಂಟ್ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುತ್ತಿದ್ದಳು. ಗುಬ್ಬಿಗೆ 'ಸರ್ಕಾರ' ಅಂತ ಹೆಸರು ಬಂದದ್ದೂ ಅದಕ್ಕೇ.

ಗುಬ್ಬಿ ಟೈಲರ್ ಅಂಗಡಿಯ ಒಳಗೆ ಇಣುಕಿದಳು. "ಮಾಮ, ನೀವೇ ಆಫೀಸಿಗೆ ಹೋಗಿ ಹೇಳಬಹುದಲ್ಲ?"

ಟೈಲರ್ ಮಾಮ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದರು. "ನಾನ್ಯಾಕಮ್ಮಾ ಹೋಗ್ಲಿ? ಆಫೀಸೇ ದಿನಾ ಸಾಯಂಕಾಲ ನಮ್ಮ ಬೀದಿಗೆ ನಡ್ಕೊಂಡು ಬರುತ್ತಲ್ಲ!" ಎಂದು ಮತ್ತೆ ಮಷಿನ್ ತುಳಿಯತೊಡಗಿದರು.

*

ಆ ಸಂಜೆ ಅಮ್ಮ ಬಂದವಳು ಬ್ಯಾಗನ್ನು ಬಾಗಿಲ ಹತ್ತಿರವೇ ಬಿಟ್ಟು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ಗುಬ್ಬಿ ನೀರು ಕೊಟ್ಟಳು. ಅಮ್ಮ ಒಂದೇ ಉಸಿರಿಗೆ ಕುಡಿದು, ಲೋಟ ಚಾಚಿ ಇನ್ನೊಂದು ಎಂದು ಸನ್ನೆ ಮಾಡಿದಳು. ಗಾಜಿನ ಆಚೆಯವರಿಗೆ ಕೇಳಿಸಬೇಕು ಅಂತ ದಿನವಿಡೀ ಮಾತಾಡಿ ಮಾತಾಡಿ ಅವಳ ಗಂಟಲು ಕಟ್ಟಿಹೋಗಿತ್ತು.

"ಅಮ್ಮ, ಆ ಕಲ್ಲು..."

"ಗುಬ್ಬಿ, ಈಗ ತಾನೇ ಬಂದೆ."

"ನೀನು ದಿನಾ ಈಗ ತಾನೇ ಬರ್ತೀಯ! ಊರಿನೋರಿಗೆಲ್ಲ ಮಾಡ್ಸಿ ಕೊಡ್ತೀಯ, ನಮ್ಮ ಬೀದಿಗೆ ಮಾತ್ರ ಆಗಲ್ಲ."

"ನಾನು ಮಾಡ್ಸಲ್ಲ ಕಣೇ. ನನ್ನ ಕೆಲಸ ಕೇಳಿಸ್ಕೊಂಡು ಮೇಲೆ ಕಳಿಸೋದು, ಅಷ್ಟೇ."

"ಮೇಲೆ ಅಂದ್ರೆ ಯಾರು?"

"ಇಂಜಿನಿಯರು."

"ಅವರ ಮೇಲೆ?"

"ಕಮಿಷನರು. ಅವರ ಮೇಲೆ ಗೆದ್ದು ಬಂದೋರು. ಮೆಂಬರುಗಳು."

"ಅವರ ಮೇಲೆ?"

ಅಮ್ಮ ಚಪ್ಪಲಿ ಕಳಚುತ್ತಾ ಸ್ವಲ್ಪ ಯೋಚಿಸಿದಳು. "ಅವರ ಮೇಲೆ ಜನ. ಓಟು ಹಾಕಿ ಕಳಿಸಿದ್ದು ಅವರೇ ಅಲ್ವಾ? ನಿಮ್ಮ ಪುಸ್ತಕದಲ್ಲೂ ಹಾಗೇ ತಾನೇ ಬರೆದಿರೋದು?"

"ಅಷ್ಟು ಮೇಲಿರೋ ಜನ ಮತ್ತೆ ನಿನ್ನ ಮೇಲೆ ಯಾಕೆ ಕೂಗಾಡ್ತಾರೆ?"

"ಮಿಕ್ಕೋರು ಯಾರೂ ಕೈಗೆ ಸಿಗಲ್ವಲ್ಲ. ಸಿಗೋಳು ನಾನೊಬ್ಬಳೇ." ಅಮ್ಮ ನಕ್ಕಳು. ನಗು ಅರ್ಧದಲ್ಲಿ ಕೆಮ್ಮಾಯಿತು. "ಅದಿರಲಿ, ಹೇಳೋದೆಲ್ಲ ಮುಗಿದ ಮೇಲೂ ಅಲ್ಲೇ ನಿಂತಿರ್ತಾರೆ ನೋಡು. ಹೋಗೋದೇ ಇಲ್ಲ! ಹಿಂದಿನೋರು ಕಾಯ್ತಿದ್ದಾರೆ ಅನ್ನೋದೂ ಬೇಡ್ವಾ? ಅದೊಂದು ನಂಗೆ ಅರ್ಥಾನೇ ಆಗಲ್ಲ."

ಗುಬ್ಬಿಗೆ ಅದೆಲ್ಲ ಬೇಕಿರಲಿಲ್ಲ. "ನಿಂಗೆ ಸಂಬಳ ಕೊಡೋದು ಯಾಕೆ ಹಾಗಾದ್ರೆ?" ಎಂದುಬಿಟ್ಟಳು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳೂ ಅವತ್ತು ಮೆಲ್ಲಗೆ ಸದ್ದು ಮಾಡಿದವು.

*

ಮರುದಿನ ಶನಿವಾರ, ಅರ್ಧ ದಿನ ಸ್ಕೂಲು. ಅಪ್ಪ ಲಾರಿ ಓಡಿಸಲು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಶನಿವಾರ ಸ್ಕೂಲ್ ಬಿಟ್ಟ ಮೇಲೆ ಗುಬ್ಬಿ ಅಮ್ಮನ ಆಫೀಸಿಗೇ ಹೋಗುತ್ತಿದ್ದಳು. ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿ, ಅಮ್ಮನ ಕುರ್ಚಿಯ ಹಿಂದೆ ಕೂತು ಹೋಂವರ್ಕ್ ಮಾಡುವುದು. ಅಲ್ಲಿಂದ ನೋಡಿದರೆ ಜನರ ಗಲ್ಲ, ಮೀಸೆ, ಬೊಟ್ಟು ಮಾಡುವ ಬೆರಳು ಇಷ್ಟೇ ಕಾಣುತ್ತಿದ್ದವು.

ಅವತ್ತು ಅವಳು ಪಕ್ಕದ ಬಾಗಿಲಿಗೆ ಹೋಗಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತಳು.

ಸಾಲು ಕಿಟಕಿಯಿಂದ ಶುರುವಾಗಿ ಮೆಟ್ಟಿಲಿಳಿದು ಅಂಗಳದ ತನಕ ಬಂದಿತ್ತು. ಅಂಗಳದಲ್ಲಿ ನೆರಳೇ ಇರಲಿಲ್ಲ. ಮುಂದಿದ್ದವರು ಒಂದು ಹೆಜ್ಜೆ ಸರಿದರೆ ಎಲ್ಲರೂ ಒಂದು ಹೆಜ್ಜೆ ಸರಿದು, ನಿಟ್ಟುಸಿರು ಬಿಟ್ಟು, ಮತ್ತೆ ನಿಲ್ಲುತ್ತಿದ್ದರು. ಸ್ಕೂಲ್ ಬ್ಯಾಗಿನ ಭಾರಕ್ಕೆ ಗುಬ್ಬಿಯ ಭುಜ ಉರಿಯತೊಡಗಿತು.

ಅಂತೂ ಅವಳ ಮುಂದೆ ಒಬ್ಬರೇ ಉಳಿದರು. ದಪ್ಪ ಕನ್ನಡಕದ ಒಬ್ಬ ಮನುಷ್ಯ. ಗಾಜಿನಲ್ಲಿದ್ದ ಅರ್ಧಚಂದ್ರದ ಕಿಂಡಿಗೆ ಬಾಯಿ ತರಲು ಅವನು ನಡು ಬಗ್ಗಿಸಿ, ಮೊಣಕೈ ಊರಿ, ಕತ್ತು ತಿರುಚಬೇಕಾಯಿತು.

"ನಲ್ಲೀಲಿ ನೀರು ಬಂದು ಎಷ್ಟು ದಿನ ಆಯ್ತು ಗೊತ್ತೇನ್ರೀ? ನಿಮಗೆ ಸಂಬಳ ಕೊಡೋರೇ ನಾವು! ಯಾಕೆ ಕೊಡ್ಬೇಕು ನಿಮಗೆ ಸಂಬಳ?"

ಸಾಲಿನಲ್ಲಿದ್ದವರು ತಲೆಯಾಡಿಸಿದರು. ಗುಬ್ಬಿಯ ಕಿವಿ ಬಿಸಿಯಾಯಿತು. ನಿನ್ನೆ ಅವಳು ಆಡಿದ್ದೂ ಅದೇ ಮಾತು.

ಒಳಗಿನಿಂದ ಕಟ್ಟಿದ ಗಂಟಲಿನ ದನಿ ಕೇಳಿಸಿತು. "ಬೀದಿ ಯಾವುದು ಸರ್?"

ಅವನು ಹೇಳಿದ. ಅಮ್ಮ ಕಂಪ್ಯೂಟರಿಗೆ ಹಾಕಿಕೊಂಡಳು. "ಮೇಲೆ ಕಳಿಸ್ತೀವಿ ಸರ್." ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಬೆನ್ನು ಹಿಡಿದುಕೊಂಡು ಹೊರಟ.

ಗುಬ್ಬಿ ಮುಂದೆ ಬಂದಳು. ಅವಳಿಗೆ ಬಗ್ಗುವ ಕೆಲಸವೇ ಇರಲಿಲ್ಲ. ಕಿಂಡಿ ಸರಿಯಾಗಿ ಅವಳ ಬಾಯಿಯ ಎತ್ತರಕ್ಕಿತ್ತು. ಹತ್ತು ವರ್ಷದವರು ಬಂದು ಹೇಳಲಿ ಅಂತಲೇ ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಹೇಳಿ, ಯಾವ ಬೀದಿ?" ಅಮ್ಮನ ಕಣ್ಣು ಇನ್ನೂ ಕಂಪ್ಯೂಟರಿನಲ್ಲೇ ಇತ್ತು.

"ನಮ್ಮ ಬೀದಿ."

ಅಮ್ಮ ತಟ್ಟನೆ ತಲೆಯೆತ್ತಿದಳು. "ಗುಬ್ಬಿ! ಇಲ್ಲೇನು ಮಾಡ್ತಿದೀಯ? ಒಳಗೆ ಬಾ."

"ಇಲ್ಲ. ಲೈನಲ್ಲೇ ಬಂದಿದೀನಿ. ಚರಂಡಿ ಕಲ್ಲು ಮುರಿದಿದೆ. ಗುಂಡನ ಕೈ ಮುರಿದಿದೆ. ಬರ್ಕೋ."

ಹಿಂದಿನಿಂದ ಯಾರೋ, "ಮಕ್ಕಳಾಟಕ್ಕೆ ಇದೇನಾ ಜಾಗ? ಬೇಗ ಆಗ್ಲಿ ಮೇಡಂ," ಎಂದರು.

ಅಮ್ಮ ದನಿ ತಗ್ಗಿಸಿದಳು. "ನಿನ್ನದು ತಗೊಳ್ಳೋಕಾಗಲ್ಲ ಮರಿ. ಹದಿನೆಂಟಾಗಿರ್ಬೇಕು. ಆ ಬೀದಿಲಿರೋ ದೊಡ್ಡೋರು ಯಾರಾದ್ರೂ ಬಂದು ಹೇಳ್ಬೇಕು."

"ಇಷ್ಟು ದಿನಕ್ಕೆ ಎಷ್ಟು ಜನ ದೊಡ್ಡೋರು ಬಂದು ಹೇಳಿದ್ದಾರೆ?"

ಅಮ್ಮ ಕಂಪ್ಯೂಟರಿನಲ್ಲಿ ಹುಡುಕಲಿಲ್ಲ. ಹುಡುಕುವ ಅಗತ್ಯವೇ ಇಲ್ಲದವಳಂತೆ ಹೇಳಿದಳು. "ಒಬ್ಬರೂ ಇಲ್ಲ."

"ಟೈಲರ್ ಮಾಮ?"

"ಇಲ್ಲ."

"ಉದ್ದಕಾಲಿನ ಮನೆಯೋರು?"

"ಯಾರೂ ಇಲ್ಲ ಗುಬ್ಬಿ."

ಗುಬ್ಬಿ ಗಾಜಿಗೆ ಹಣೆ ಒತ್ತಿದಳು. "ನೀನು?"

ಪಕ್ಕದ ಟೇಬಲ್ಲಿನ ಅಂಕಲ್ ಟೈಪ್ ಮಾಡುವುದನ್ನು ನಿಲ್ಲಿಸಿ ಈ ಕಡೆ ನೋಡಿದರು. ಅಮ್ಮ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ನಾನೇ ಹಾಕ್ಕೊಂಡ್ರೆ, ನೋಡಿ, ತಮ್ಮ ಬೀದಿದು ಮೊದಲು ಮಾಡ್ಸಿಕೊಂಡ್ರು ಅಂತಾರೆ," ಎಂದಳು. "ಅದೂ ಪೂರ್ತಿ ನಿಜ ಅಲ್ಲ. ಸಂಜೆ ಆ ಟೈರ್ ಸುತ್ತಿ ಮನೆಗೆ ಬರ್ತೀನಲ್ಲ, ಆಗೆಲ್ಲ ನಾಳೆ ಅಂದ್ಕೋತೀನಿ. ಬೆಳಿಗ್ಗೆ ಬಂದು ಇಲ್ಲಿ ಕೂತ್ರೆ ನಮ್ಮ ಬೀದಿ ನೆನಪೇ ಇರಲ್ಲ. ಯಾರಾದ್ರೂ ಬಂದು ಹೇಳ್ತಾರೆ ಅಂತ ನಾನೂ ಸುಮ್ಮನಿದ್ದೆ."

"ಮೇಡಂ!" ಸಾಲು ಗೊಣಗಿತು.

ಅಮ್ಮ ಎದ್ದಳು. "ಸ್ವಲ್ಪ ಇಲ್ಲಿ ಕೂತ್ಕೋತೀರಾ?" ಎಂದು ಪಕ್ಕದ ಅಂಕಲ್‌ಗೆ ಹೇಳಿ, ಪಕ್ಕದ ಬಾಗಿಲಿನಿಂದ ಹೊರಗೆ ಬಂದಳು. ಗುಬ್ಬಿಯ ಕೈ ಹಿಡಿದುಕೊಂಡು, ಮೆಟ್ಟಿಲಿಳಿದು, ಸಾಲಿನ ಕೊನೆಗೆ ಹೋಗಿ ನಿಂತಳು.

ಅವರ ಮುಂದೆ ಕೈಚೀಲ ಹಿಡಿದ ಒಬ್ಬ ಹೆಂಗಸು ಇದ್ದಳು. ತಿರುಗಿ ನೋಡಿ ಗಾಬರಿಯಾದಳು. "ಅಯ್ಯೋ, ನೀವು ಒಳಗಿದ್ದೋರಲ್ವಾ? ಹೊರಗೆ ಬಂದ್ಬಿಟ್ರೆ ನಮ್ಮದು ಕೇಳೋರು ಯಾರು?"

"ಒಳಗೆ ಇದಾರಮ್ಮ. ಇವತ್ತು ನಂದೂ ಒಂದು ಕಂಪ್ಲೇಂಟ್ ಇದೆ."

ಆ ಹೆಂಗಸಿಗೆ ನಗು ಬಂತು. "ಚೆನ್ನಾಗಿದೆ! ನಾವಾದ್ರೆ ನಿಮ್ಮ ಮೇಲೆ ಕೂಗ್ತೀವಿ. ನೀವು ಯಾರ ಮೇಲೆ ಕೂಗ್ತೀರಿ?"

"ಅದೇ ಯೋಚ್ನೆ ಮಾಡ್ತಿದೀನಿ," ಎಂದಳು ಅಮ್ಮ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾ.

ಸಾಲು ಸರಿಯಿತು, ನಿಂತಿತು, ಸರಿಯಿತು. ಅಮ್ಮ ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕುತ್ತಿದ್ದಳು.

ಕೊನೆಗೆ ಕಿಟಕಿ ಬಂತು. ಒಳಗಿದ್ದ ಅಂಕಲ್ ಹಣೆ ಚಚ್ಚಿಕೊಂಡರು. "ಏನ್ ಮೇಡಂ ಇದು ತಮಾಷೆ? ಒಳಗಿಂದ್ಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಇಲ್ಲ. ನೀವು ಕೇಳಿ, ನಾನು ಹೇಳ್ತೀನಿ." ಅಮ್ಮ ಕಿಂಡಿಗೆ ಬಗ್ಗಿದಳು. "ಅಯ್ಯಪ್ಪಾ, ಇಷ್ಟು ಕೆಳಗಿದೆಯಾ ಇದು!"

"ಯಾವ ಬೀದಿ?" ಅಂಕಲ್ ಕೇಳಿದರು. ಅಮ್ಮ ಹೇಳಿದಳು.

"ಎಷ್ಟು ದಿನದಿಂದ ಹೀಗಿದೆ?"

ದಿನವೂ ಎಲ್ಲರನ್ನೂ ಅದೇ ಪ್ರಶ್ನೆ ಕೇಳುವ ಅಮ್ಮ ಉತ್ತರಕ್ಕೆ ತಡಕಾಡಿದಳು. ಗುಬ್ಬಿ ಪಕ್ಕದಿಂದ ಬಾಯಿ ಹಾಕಿದಳು. "ಮಳೆಗಾಲಕ್ಕಿಂತ ಮುಂಚಿನಿಂದ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಭ್ಯಾಸಬಲದಿಂದ ಕೇಳಿದ ಅಂಕಲ್ ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಆಯ್ತು. ಮೇಲೆ ಕಳಿಸ್ತೀವಿ."

ಅಮ್ಮ ನಡು ನೆಟ್ಟಗೆ ಮಾಡಿಕೊಂಡಳು. ಆದರೆ ಹೋಗಲಿಲ್ಲ. ಅಲ್ಲೇ ನಿಂತಿದ್ದಳು, ಗಾಜಿನ ಒಳಗೆ ನೋಡುತ್ತಾ. ಇನ್ನೂ ಒಂದು ಮಾತು ಬರಬಹುದು ಅಂತ ಕಾಯುವವಳ ಹಾಗೆ.

"ಅಮ್ಮ," ಗುಬ್ಬಿ ಮೆಲ್ಲಗೆ ಸೆರಗು ಎಳೆದಳು. "ಹಿಂದಿನೋರು ಕಾಯ್ತಿದ್ದಾರೆ."

*

ಆಫೀಸು ಮುಚ್ಚಿದ ಮೇಲೆ ಇಬ್ಬರೂ ನಡೆದುಕೊಂಡು ಬಂದರು. ಅಮ್ಮನ ಹೆಜ್ಜೆ ಭಾರವಾಗಿತ್ತು. ಗುಬ್ಬಿಯದೂ.

ತಿರುವಿನ ಹತ್ತಿರ ಟೈಲರ್ ಮಾಮ ಮಷಿನ್ ನಿಲ್ಲಿಸದೆಯೇ ಕೂಗಿದರು. "ಏನಮ್ಮಾ, ನಿಮ್ಮ ಸರ್ಕಾರಕ್ಕೆ ಎಚ್ಚರ ಆಯ್ತಾ?"

ಅಮ್ಮ ಬಾಯಿ ತೆರೆದಳು. ಗಂಟಲಿನಿಂದ ಗಾಳಿ ಮಾತ್ರ ಬಂತು.

ಗುಬ್ಬಿ ಅಂಗಡಿಯ ಮೆಟ್ಟಿಲು ಹತ್ತಿದಳು. "ಮಾಮ, ಸೋಮವಾರ ಬೆಳಿಗ್ಗೆ ನಿಮಗೆ ಬಿಡುವಿದೆಯಾ?"

"ಯಾಕೆ?"

"ಲೈನಲ್ಲಿ ನಿಲ್ಲೋಕೆ. ನಮ್ಮ ಬೀದಿಯಿಂದ ಇವತ್ತಿನವರೆಗೂ ಒಬ್ಬರೂ ಹೋಗಿ ಹೇಳಿಲ್ಲ. ಇವತ್ತು ಅಮ್ಮ ಲೈನಲ್ಲಿ ನಿಂತು ಹೇಳಿದ್ಳು. ಒಂದೇ ಕಂಪ್ಲೇಂಟ್ ಆಗಿದೆ. ಗುಂಡನ ಕೈ ವಿಷಯ ನೀವೇ ಹೇಳ್ಬೇಕು. ನಂದು ತಗೊಳ್ಳಲ್ವಂತೆ, ನಾನು ಚಿಕ್ಕೋಳು."

"ಒಬ್ಬರೂ ಇಲ್ವಾ?" ಮಷಿನ್ ನಿಂತಿತು. ಟೈಲರ್ ಮಾಮ ಮೆಟ್ಟಿಲ ಮೇಲೆ ಕೂತಿದ್ದ ಗುಂಡನ ಪ್ಲಾಸ್ಟರ್ ನೋಡಿದರು. ಆಮೇಲೆ ಹೊರಗೆ ಹಾರಾಡುತ್ತಿದ್ದ ಕೆಂಪು ಬಟ್ಟೆ ನೋಡಿದರು. "ನಾನು ಅಂಗಡಿ ಮುಚ್ಚಿ ಹೋದ್ರೆ ಬ್ಲೌಸ್ ಕೊಟ್ಟೋರು ನನ್ನ ಸುಮ್ಮನೆ ಬಿಡ್ತಾರಾ?" ಎಂದು ಗೊಣಗಿದರು. ದಾರ ಕತ್ತರಿಸಿದರು. ಸೂಜಿಯ ಕಣ್ಣಿಗೆ ಇನ್ನೊಂದು ದಾರ ಪೋಣಿಸಲು ಹೋಗಿ, ಅರ್ಧಕ್ಕೇ ಬಿಟ್ಟರು.

"ಎಷ್ಟು ಹೊತ್ತಿಗೆ ತೆಗೀತಾರಮ್ಮಾ?"

"ಹತ್ತಕ್ಕೆ," ಎಂದಳು ಅಮ್ಮ, ಇದ್ದಷ್ಟು ದನಿಯಲ್ಲಿ. "ಕೊಡೆ ತಗೊಂಡು ಬನ್ನಿ ಅಣ್ಣ. ಅಲ್ಲಿ ತುಂಬಾ ಬಿಸಿಲು."

ಟೈಲರ್ ಮಾಮ ಕತ್ತು ಚಾಚಿ ಮೂಲೆಯಲ್ಲಿದ್ದ ಕೊಡೆ ನೋಡಿದರು.

ಗುಬ್ಬಿ ಮನೆಯ ಕಡೆ ಹೆಜ್ಜೆ ಹಾಕಿದಳು. ಸೋಮವಾರ ಟೈಲರ್ ಮಾಮ ಆ ಕಿಂಡಿಗೆ ಬಗ್ಗುತ್ತಾರೆ. ಒಳಗೆ ಅಮ್ಮ ಇರುತ್ತಾಳೆ. ಕಲ್ಲು ಯಾವಾಗ ಅಂತ ಜೋರು ಮಾಡಿ ಕೂಗಿದರೂ ಕೂಗಬಹುದು. ಕೂಗಲಿ, ಅನ್ನಿಸಿತು ಅವಳಿಗೆ. ಹೋಗಿ, ಸಾಲಿನಲ್ಲಿ ನಿಂತು, ಕೂಗಲಿ.

ಅಮ್ಮನ ಗಂಟಲಿಗೆ ಬಿಡುವು ಸಿಗಲು ನಡುವೆ ಒಂದು ಭಾನುವಾರವಾದರೂ ಇತ್ತು. ಹಿಂದೆ ನಿಧಾನಕ್ಕೆ ಬರುತ್ತಿದ್ದ ಅಮ್ಮನನ್ನು ಏನೂ ಕೇಳದೆ, ಗುಬ್ಬಿ ಮುಂದೆ ಹೋಗಿ ಮನೆಯ ಬೀಗ ತೆಗೆದಳು.