ಉಕ್ಕರಸನ ಕೊನೆಯ ಸುತ್ತು

ಬಹಳ ಹಿಂದೆ, ಮೋಡಗಳು ಮನೆಯ ಮಾಳಿಗೆ ಸವರಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ತೂಗೂರು ಎಂಬ ರಾಜ್ಯವಿತ್ತು. ಅಲ್ಲಿನ ಆಟದ ತೋಟದಲ್ಲಿ ಉಕ್ಕರಸನೆಂಬ ಉಕ್ಕಿನ ಹಾವಿತ್ತು. ಬೆನ್ನ ಮೇಲಿನ ಬಂಡಿಗಳಲ್ಲಿ ಜನರನ್ನು ಕೂರಿಸಿಕೊಂಡು ಮುಗಿಲಿಗೆ ಏರಿಸಿ, ಸುಯ್ಯೆಂದು ಇಳಿಸುವುದೇ ಅದರ ಕಾಯಕ. ಇಳಿಯುವಾಗ ಎಲ್ಲರೂ "ಯವ್ವಾ!" ಎಂದು ಕೂಗಬೇಕು, ಅದು ಆ ನಾಡಿನ ಪದ್ಧತಿ. ಕೂಗದವನು ರಾಜನಾದರೂ ಸರಿ, ಅವನಿಗೆ ಇನ್ನೊಂದು ಸುತ್ತು ಹಾಕಿಸುತ್ತಿದ್ದರು.

ಹಾವಿಗೆ ವಯಸ್ಸಾಯಿತು, ಕೀಲುಗಳು ಕಿರುಗುಟ್ಟಿದವು. ಅದು ಇನ್ನು ಸುಮ್ಮನೆ ಮಲಗಿರಲಿ ಎಂದು ರಾಜ ಆಟ ನಿಲ್ಲಿಸಿದ. ಕಾರ್ಗೊಂಡನೆಂಬ ಮಾಂತ್ರಿಕನಿಗೆ ಅಷ್ಟೇ ಸಾಕಾಯಿತು. ಅವನ ಶಕ್ತಿಯೆಲ್ಲ ಗಂಟಲಲ್ಲಿ ಅಡಗಿತ್ತು. ಕೂಗಿದರೆ ಹಾರಿಹೋದೀತೆಂದು ಪಿಸುಮಾತಿಗಿಂತ ಮೇಲೆ ದನಿ ಎತ್ತಿದವನಲ್ಲ. ರಾಜನೂ ಅವನಿಗೆ ಹೆದರುತ್ತಿದ್ದ.

"ಇದನ್ನು ಕರಗಿಸಿ ಪಂಜರ ಮಾಡುತ್ತೇನೆ," ಎಂದು ಕಾರ್ಗೊಂಡ ಪಿಸುಗುಟ್ಟಿದ. "ಬೇಡವೆನ್ನುವವರು ನನ್ನ ಜೊತೆ ಮೂರು ಸುತ್ತು ಬಾಯಿ ಬಿಡದೆ ಕೂರಲಿ. ಗೆದ್ದರೆ ಹಾವು ಉಳಿಯಲಿ, ಸೋತರೆ ಅವರು ಕಲ್ಲಾಗಲಿ."

ಬಂಡಿ ನಡೆಸುತ್ತಿದ್ದ ಹೊನ್ನಾಜಿ ಮುಂದೆ ಬಂದಳು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಯಾಕೆಂದರೆ ಹೊನ್ನಾಜಿ ನಿದ್ದೆಯಲ್ಲೂ ಮಾತಾಡುವವಳು!

ಮೊದಲ ಸುತ್ತಿನಲ್ಲಿ ಸೆರಗು ಕಚ್ಚಿ ಕೂತಳು. ಕೂಗಲಿಲ್ಲ. ಹಾವಿನ ಬಾಲಕ್ಕೆ ತುಕ್ಕು ಹಿಡಿಯಿತು.

ಎರಡನೆಯ ಸುತ್ತಿನಲ್ಲಿ ಬಾಯಿಗೆ ಎರಡೂ ಕೈ ಒತ್ತಿದಳು. ಕೂಗಲಿಲ್ಲ. ತುಕ್ಕು ಹೊಟ್ಟೆಗೆ ಬಂತು.

ಮೂರನೆಯ ಸುತ್ತಿಗೆ ಏರುತ್ತಾ ಹಾವು ನರಳಿತು: "ಮಗಳ, ನಿಮ್ಮ ಕೂಗ ನನ್ನ ಜೀವ. ಇದೊಂದು ಸುತ್ತು ಸುಮ್ಮನಿದ್ರ ನಾ ಉದುರಿಹೋಗ್ತೀನಿ."

ಹೊನ್ನಾಜಿಗೆ ಈಗ ಪೇಚು ತಿಳಿಯಿತು. ಗೆದ್ದರೆ ಹಾವಿಲ್ಲ, ಸೋತರೆ ತಾನಿಲ್ಲ. ಮಾಂತ್ರಿಕ ಮೀಸೆಯಲ್ಲೇ ನಗುತ್ತಿದ್ದ.

"ಕಲ್ಲಾದ್ರ ಆಗ್ಲಿ!" ಎಂದವಳೇ ಇಳಿಜಾರಿನ ತುದಿಯಲ್ಲಿ ಎರಡೂ ಕೈ ಎತ್ತಿ ಕೂಗಿದಳು: "ಯವ್ವಾ!"

ಅವಳ ಪಾದಗಳು ಕಲ್ಲಾದವು, ಮೊಣಕಾಲು ಕಲ್ಲಾಯಿತು. ಆದರೆ ಬೇಲಿಯಾಚೆ ನಿಂತಿದ್ದ ಊರೂ ತಡೆಯಲಾರದೆ "ಯವ್ವಾ!" ಎಂದಿತು. ತುಕ್ಕು ಪುಡಿಪುಡಿಯಾಗಿ ಉದುರಿತು. ಹಾವಿಗೆ ಹರೆಯ ಮರಳಿತು! ಎಂದೂ ಇಳಿಯದಷ್ಟು ಜೋರಾಗಿ ಇಳಿಯಿತು. ಮಾಂತ್ರಿಕನ ರುಮಾಲು ಹಾರಿತು, ಕಣ್ಣು ತಿರುಗಿತು, ಬಾಯಿ ತಾನಾಗಿ ತೆರೆಯಿತು: "ಯವ್ವೋ! ಸತ್ತೆನೋ!"

ಅವನ ಮಂತ್ರಗಳೆಲ್ಲ ಜೀರುಂಡೆಗಳಾಗಿ ಗಂಟಲಿನಿಂದ ಹಾರಿಹೋದವು. ಹೊನ್ನಾಜಿಯ ಕಾಲಿಗೆ ಜೀವ ಬಂತು.

"ಇನ್ನೊಂದು ಸುತ್ತು!" ಎಂದು ಊರೆಲ್ಲ ಕುಣಿಯಿತು.

"ಮಗಳ, ನನಗ ಈಗ ನಿದ್ದಿ ಬೇಕು," ಎಂದಿತು ಹಾವು.

ಹೊನ್ನಾಜಿ ಕಣ್ಣೊರೆಸಿಕೊಂಡು, ಬಂಡಿಗಳನ್ನು ಒಂದೊಂದಾಗಿ ಬಿಚ್ಚಿ ಅದರ ಬೆನ್ನು ಹಗುರ ಮಾಡಿದಳು. ಹಾವು ಗುಡ್ಡವನ್ನು ಸುತ್ತಿ ಮಲಗಿತು. ತೂಗೂರಿನವರು ಸುಖವಾಗಿದ್ದರು. ಗುಡ್ಡದ ಹತ್ತಿರ ಹೋದಾಗ ಮಾತ್ರ, ಹೊನ್ನಾಜಿಯೂ ಸೇರಿ, ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.