ಸಕ್ಕರೆ ಹಾಕಿಕೊಳ್ಳದವರು

ಇಂಗ್ಲೆಂಡಿನ ನಾರ್ಫೋಕ್‌ನ ನಮ್ಮ ಹಳ್ಳಿಯಲ್ಲಿ ರಜೆಗೆ ಬರುವ ಜೋಡಿಗಳಿಗೆ ಬಾಡಿಗೆಗೆ ಕೊಡುವ ಪುಟ್ಟ ಮನೆಯೊಂದನ್ನು ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ನಾನೇ ಗುಡಿಸಿ ಒರೆಸುತ್ತೇನೆ. ಅಲ್ಲಿರುವುದೆಲ್ಲ ಎರಡೆರಡೇ, ಕಪ್ಪೂ ಎರಡೇ.

ಕಳೆದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಟ ಹೆಂಗಸು ಬೀಗದ ಕೈ ಕೊಡುತ್ತಾ ದನಿ ತಗ್ಗಿಸಿದಳು.

“ಬ್ರೆಂಡಾ, ನಿಮ್ಮಪ್ಪ ಟೀಗೆ ಸಕ್ಕರೆ ಹಾಕ್ಕೊಳ್ಳಲ್ಲ, ಅಲ್ವಾ?”

“ನಮ್ಮಪ್ಪನಾ?”

“ಅದೇ, ಒಲೆ ಪಕ್ಕ ಕೂತಿರ್ತಾರಲ್ಲ. ವಾರವೆಲ್ಲ ಟೀ ಕೊಟ್ವಿ. ಯಾರು ನೀವು ಅಂತ ಕೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ವಿ.”

ಕಾರಿನಿಂದ ಅವಳ ಗಂಡ ಕೂಗಿದ: “ನೀನು ಕೇಳು ಅಂತ ನಾನು, ನೀನೇ ಕೇಳು ಅಂತ ಅವಳು. ವಾರ ಮುಗ್ದೇ ಹೋಯ್ತು!”

ಒಳಗೆ ಯಾರೂ ಇರಲಿಲ್ಲ. ಎರಡು ಕಪ್ ತೊಳೆದು ಬೋರಲು ಹಾಕಿದ್ದರು. ಒಲೆಯ ಪಕ್ಕ, ನಾನೆಂದೂ ಕಾಣದ ನೀಲಿ ಅಂಚಿನ ಮೂರನೆಯ ಕಪ್ಪಿನಲ್ಲಿ ಅರ್ಧ ಟೀ ಇತ್ತು. ಕುತೂಹಲಕ್ಕೆ ತೊಳೆಯದೆ ಬಿಟ್ಟು, ಗಂಟೆಗೊಮ್ಮೆ ಬೆರಳದ್ದಿ ನೋಡಿದೆ. ನಾಲ್ಕಕ್ಕೆ ಹೊಸ ಜೋಡಿ ಬಾಗಿಲು ತಟ್ಟಿದಾಗಲೂ ಆ ಟೀ ಆರಿರಲಿಲ್ಲ.