ಪಂಪಿನ ಕೆಳಗೆ ಹಾಸಿದ ಪೇಪರ್

ಈಜುಕೊಳದ ಪಂಪಿನ ಮುಚ್ಚಳದ ಸುತ್ತ ಒರೆಸಿಯಾಗಿತ್ತು. ಪೈಪು ಸೇರುವ ಜಾಗವನ್ನೂ, ಕೊನೆಗೆ ಪಂಪಿಗೂ ಮೋಟಾರಿಗೂ ನಡುವಿನ ಸಂದನ್ನೂ ಹಳೆಯ ಟವೆಲಿನಿಂದ ಒರೆಸಿ, ಕೆಳಗೆ ಒಣ ಪೇಪರ್ ಹಾಸಿ, ಸ್ವಿಚ್ ಹಾಕಿ ಅವಳು ಮಂಡಿಯೂರಿ ಕಾದಳು. ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ರೋಗ ಎಂದು ರಿಪೇರಿಯವನೇ ಹೇಳಿಕೊಟ್ಟಿದ್ದ.

ಸಂದಿನ ಕೆಳಗೆ, ಪೇಪರಿನ ಮೇಲೆ ಒಂದು ಚುಕ್ಕೆ ಮೂಡಿತು. ನೋಡುನೋಡುತ್ತಿದ್ದಂತೆ ಅಗಲವಾಯಿತು.

ನೀರು ಸೋರದಂತೆ ಹೋದ ವಾರವಷ್ಟೇ ಅವನು ಹೊಸ ಸೀಲ್ ಹಾಕಿಹೋಗಿದ್ದ ಜಾಗ ಅದು.

"ಮತ್ತೆ ಸೋರ್ತಿದೆಯಾ?" ಬಾಗಿಲಲ್ಲಿ ಅಣ್ಣ ನಿಂತಿದ್ದ. ಈಜುಕೊಳ ಅವನದು. ಗಂಡ ಬಿಟ್ಟುಹೋದ ಮೇಲೆ ಅವಳು ಇಲ್ಲಿ ಹೆಂಗಸರಿಗೆ, ಮಕ್ಕಳಿಗೆ ಈಜು ಕಲಿಸುತ್ತ, ಕೊಳದ ಹಿಂದಿನ ಅಣ್ಣನ ಮನೆಯಲ್ಲೇ ಇದ್ದಳು. "ಆ ಮನುಷ್ಯನ ಕೈಗುಣ ಇಷ್ಟೇ. ಇದೊಂದು ಸರಿ ಮಾಡಿಹೋಗ್ಲಿ, ಇನ್ಮೇಲೆ ಬೇರೆಯವರನ್ನ ನೋಡ್ತೀನಿ. ನೀನು ಇದಕ್ಕೆಲ್ಲ ತಲೆ ಹಾಕ್ಬೇಡ, ನಿಂಗೇನು ಗೊತ್ತಾಗತ್ತೆ."

ಅವಳು ಒದ್ದೆ ಪೇಪರನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಹೋದ ವಾರ ಇದೇ ನೆಲದ ಮೇಲೆ ಪಂಪ್ ಬಿಚ್ಚಿಕೊಂಡು ಕೂತು, ತಲೆ ಎತ್ತದೆಯೇ ರಿಪೇರಿಯವನು ಹೇಳಿದ್ದ.

"ಟೀಚರ್, ಅಂಗಡಿ ಮುಚ್ಚಿದ ಮೇಲೆ ಮನೆಗೆ ಹೋಗೋಕೆ ಮನಸ್ಸೇ ಬರಲ್ಲ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷ ಆಯ್ತು, ಅಭ್ಯಾಸ ಆಗ್ಬೇಕಿತ್ತು. ಆ ಮನೆಗೆ ನೀವು ಬರ್ತೀರಾ ಅಂತ ಕೇಳ್ಬೇಕು ಅಂದ್ಕೊಂಡಿದೀನಿ."

"ಅಂದ್ಕೊಂಡಿದೀರಾ, ಕೇಳ್ತಿದೀರಾ?"

"ಕೇಳ್ತಿದೀನಿ." ಕಿವಿಯ ತುದಿ ಕೆಂಪಾಗಿತ್ತು. "ಆ ಸೀಲ್ ಸ್ವಲ್ಪ ಕೊಡಿ."

ಸೀಲ್ ಕೊಟ್ಟಿದ್ದಳು. ಉತ್ತರ ಕೊಟ್ಟಿರಲಿಲ್ಲ.

ಈಗ ಅವನು ಬಂದಾಗ ಅಣ್ಣ ಪಕ್ಕದಲ್ಲೇ ನಿಂತ. ರಿಪೇರಿಯವನು ಮೋಟಾರು ಬೇರ್ಪಡಿಸಿ, ಸೀಲಿನ ಬಿಳಿ ಬಳೆಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ಒಂದು ಕ್ಷಣ ಅವಳನ್ನು ನೋಡಿದ. ಮುಷ್ಟಿ ಮುಚ್ಚಿದ.

"ನನ್ನದೇ ತಪ್ಪು ಸಾರ್. ಸರಿಯಾಗಿ ಕೂರಿಸಿಲ್ಲ."

"ಅದನ್ನೇ ನಾನು ಹೇಳಿದ್ದು," ಎಂದು ಅಣ್ಣ ಹೊರಟುಹೋದ.

"ಮುಷ್ಟಿ ಬಿಡಿಸಿ," ಅಂದಳು.

"ಏನಿಲ್ಲ ಟೀಚರ್."

"ಏನಿಲ್ಲದ್ದನ್ನ ಯಾರಾದ್ರೂ ಮುಷ್ಟೀಲಿ ಹಿಡ್ಕೋತಾರಾ?"

ಬಿಡಿಸಿದ. ಕನ್ನಡಿಯಂತೆ ನುಣುಪಾದ ಬಳೆಯ ಮೇಲೆ ಒಂದು ಹೆಬ್ಬೆರಳಿನ ಗುರುತು, ಬಿಸಿಗೆ ಕಂದು ಬಣ್ಣವಾಗಿ ಹತ್ತಿಕೊಂಡಿತ್ತು. ಬಿಸಿಲಿಗೆ ಇಳಿಯುವ ಮೊದಲು ಅವಳು ದಿನವೂ ಹಚ್ಚಿಕೊಳ್ಳುವ ಕ್ರೀಮಿನ ಜಿಡ್ಡು.

"ಬಳೆಯ ಈ ನುಣುಪು ಮುಖಕ್ಕೆ ಬೆರಳು ತಾಗಬಾರದು," ಎಂದ ಮೆಲ್ಲಗೆ. "ಜಿಡ್ಡು ಕೂತ್ರೆ ಎದುರಿನ ಬಳೆ ಜೊತೆ ಕೂಡಲ್ಲ. ಸಂದು ಬಿಡತ್ತೆ."

"ಅವತ್ತು ನೋಡಿರ್ಲಿಲ್ವಾ?"

"ನೋಡಿದ್ದೆ. ಒರೆಸ್ಬೇಕು ಅಂತಾನೇ ಇದ್ದೆ. ನೀವು ಏನಂತೀರೋ ಅಂತ ಕಾಯ್ತಾ ಕಾಯ್ತಾ ಮರೆತೆ."

ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಹಿಡಿದು ನೋಡಿದಳು.

"ಮತ್ತೆ ಅಣ್ಣನ ಮುಂದೆ ಯಾಕೆ ಹಾಗಂದ್ರಿ?"

"ನಿಮ್ಮನ್ನ ಬೈತಾರಲ್ಲ. ಬೈಸ್ಕೊಳ್ಳೋದು ನಂಗೆ ಅಭ್ಯಾಸ."

"ನನ್ನ ಗಂಡನೂ ಏನಿಲ್ಲ, ಏನಿಲ್ಲ ಅಂತಿದ್ರು. ಮನೆ ಬಿಟ್ಟು ಹೋಗೋ ದಿನದ ತನಕ ಏನಿಲ್ಲ. ಅಣ್ಣನೂ ಅಷ್ಟೇ, ನಿಂಗ್ಯಾಕೆ ಅಂತಾನೆ. ಇನ್ನು ನೀವೂ ಶುರು ಮಾಡ್ಬೇಡಿ. ನನ್ನ ತಪ್ಪನ್ನ ನಂಗೆ ಹೇಳಿ."

ಅವನು ಪೊಟ್ಟಣದಿಂದ ಹೊಸ ಸೀಲ್ ತೆಗೆದು ಬಟ್ಟೆಯ ಮೇಲಿಟ್ಟ.

"ನಿಮ್ಮ ಕೈಯಲ್ಲಿ ಈಗಲೂ ಕ್ರೀಮ್ ಇದೆ," ಎಂದ. "ಹೋಗಿ ತೊಳ್ಕೊಂಡು ಬನ್ನಿ. ಬರೀ ನೀರಲ್ಲಲ್ಲ, ಸೋಪ್ ಹಾಕಿ."

ತೊಳೆದುಕೊಂಡು ಬಂದಳು. ಅವನು ಬಳೆಯನ್ನು ಮುಟ್ಟಲಿಲ್ಲ.

"ಅಂಚು ಹಿಡೀರಿ. ಸ್ವಲ್ಪ ಬಲಕ್ಕೆ. ಅಲ್ಲ, ತಪ್ಪು. ತೆಗೀರಿ, ಮತ್ತೆ ಇಡಿ."

ತಪ್ಪು ಎಂಬ ಮಾತು ಇಷ್ಟು ಮೆತ್ತಗೆ ಕಿವಿಗೆ ಬೀಳಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಎರಡನೆಯ ಸಲ ಬಳೆ ತನ್ನ ಜಾಗದಲ್ಲಿ ಕೂತಿತು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಇಬ್ಬರೂ ಕದಲಲಿಲ್ಲ.

ಬೋಲ್ಟು ಬಿಗಿದು, ಹೊಸ ಪೇಪರ್ ಹಾಸಿ, ಪಂಪ್ ಓಡಿಸಿ ಪಕ್ಕಪಕ್ಕ ಕೂತು ಕಾದರು. ಪೇಪರ್ ಒಣಗಿಯೇ ಇತ್ತು. ಹಾಳಾದದ್ದು ಒಂದು ಹನಿಯಾದರೂ ಬೀಳಬಾರದೇ ಅನ್ನಿಸಿತು ಅವಳಿಗೆ.

"ಇನ್ಮೇಲೆ ನಾನು ಬರೋ ಹಾಗಿಲ್ಲ ಅನ್ಸತ್ತೆ," ಎಂದ, ಸಾಮಾನು ಚೀಲಕ್ಕೆ ತುಂಬುತ್ತ.

"ಅಣ್ಣ ಬೇರೆಯವರನ್ನ ನೋಡ್ತಾನಂತೆ."

ತಲೆಯಾಡಿಸಿದ. ಹೋದ ವಾರದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಬಾಗಿಲಲ್ಲಿ ತಿರುಗಿ, ಸೋಪಿನ ವಾಸನೆಯ ಅವಳ ಕೈಗಳನ್ನೊಮ್ಮೆ ನೋಡಿ ಹೊರಟುಹೋದ.

ಅವಳು ಒಣ ಪೇಪರನ್ನು ಎತ್ತಿಕೊಂಡು ನಿಂತೇ ಇದ್ದಳು. ನಾಳೆ ಸಂಜೆಯ ಬ್ಯಾಚ್ ಮುಗಿಯುತ್ತಲೇ ಹೊರಟರೆ ಅವನು ಅಂಗಡಿಯ ಶಟರ್ ಎಳೆಯುವಷ್ಟರಲ್ಲಿ ತಲುಪಬಹುದು. ಏನು ಕೆಟ್ಟಿದೆ ಟೀಚರ್ ಎಂದು ಕೇಳಿದರೆ? ಕೆಟ್ಟಿದ್ದೇನೂ ಇಲ್ಲ, ಬಂದೆ ಅನ್ನಬೇಕು. ಆಮೇಲೆ ಅಣ್ಣನ ಮುಂದೆ ನಿಲ್ಲಬೇಕು. ಆದರೂ ಹೋಗಬೇಕು.

"ಸೋರೋದು ನಿಂತಿತಾ?" ಅತ್ತಿಗೆ ಹಿತ್ತಲಿಂದ ಇಣುಕಿದಳು.

"ನಿಂತಿದೆ ಅತ್ತಿಗೆ."

"ಸದ್ಯ, ಆ ಮನುಷ್ಯನ ಸಹವಾಸ ತಪ್ಪಿತು. ಯಾಕೆ ಹಾಗೆ ನಿಂತಿದೀಯ, ಏನು ಯೋಚನೆ?"

"ಏನಿಲ್ಲ," ಅಂದಳು. ಆ ಮಾತು ತನ್ನ ಬಾಯಲ್ಲೇ ಬಂದದ್ದಕ್ಕೆ ಕೊಂಚ ಬೆಚ್ಚಿ, ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ದೀಪ ಆರಿಸಿದಳು.